ಕೆರೆಯಂಚಿನ ಎರೆ

ಶಂಶಾಬಾದಿನಿಂದ ಔಟರ್ ರಿಂಗ್ ರೋಡ್ ಹಿಡಿದು ಗಚ್ಚಿಬೌಲಿ ಕಡೆಗೆ ಹೋಗುವಾಗ ಪಕ್ಕದಲ್ಲಿ ಹರಡಿಕೊಂಡು ಕಾಣುವ ನೀರು ಹಿಮಾಯತ್ ಸಾಗರ. ನಮ್ಮಲ್ಲಿ ಬಹಳ ಮಂದಿ ಅದನ್ನು ನೋಡಿರುವುದು ಕ್ಯಾಬಿನ ಕಿಟಕಿಯಿಂದ ಮಾತ್ರ. ಮಳೆಗಾಲದಲ್ಲಿ ಗೇಟು ಎತ್ತಿದರೆ ವಾಟ್ಸಾಪಿಗೆ ಫೋಟೊ ಬರುತ್ತದೆ. ಬೇಸಿಗೆಯಲ್ಲಿ ಅದರ ಸುದ್ದಿ ಯಾರಿಗೂ ಬೇಡ. ಗಾಳ ಹಾಕುವವರ ಲೆಕ್ಕ ಬೇರೆ. ಏಪ್ರಿಲ್ ಬಂತೆಂದರೆ ನೀರು ಹಿಂದೆ ಸರಿದು, ಕೆರೆಯ ತಗ್ಗು ದಿಣ್ಣೆಗಳೆಲ್ಲ ತೋರತೊಡಗುತ್ತವೆ. ಎಲ್ಲಿ ಕಲ್ಲಿದೆ, ಎಲ್ಲಿ ಜೊಂಡಿದೆ, ಹಳೆಯ ಹಳ್ಳದ ದಾರಿ ಯಾವುದು ಎಂಬುದನ್ನು ಆಗ ಕಣ್ಣಾರೆ ಓದಬಹುದು.

ಹೈದರಾಬಾದಿನ ಕನ್ನಡಿಗರ ಕೂಟಗಳಲ್ಲಿ ಇದನ್ನು ‘ನಮ್ಮ ವಿಶ್ವೇಶ್ವರಯ್ಯನವರು ಕಟ್ಟಿದ ಕೆರೆ’ ಎಂದು ಹೇಳುವ ರೂಢಿಯಿದೆ. ಅರ್ಧ ನಿಜ. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಸಾವಿರಾರು ಜನ ಸತ್ತರು. ಮುಂಬಯಿ ಸರ್ಕಾರದ ಕೆಲಸ ಬಿಟ್ಟು ವಿದೇಶ ಪ್ರವಾಸದಲ್ಲಿದ್ದ ವಿಶ್ವೇಶ್ವರಯ್ಯನವರಿಗೆ ನಿಜಾಮ್ ಸರ್ಕಾರ ಕರೆ ಕಳಿಸಿತು. 1909ರಲ್ಲಿ ಅವರು ಬಂದು ಲೆಕ್ಕ ಹಾಕಿದಾಗ ಕಂಡದ್ದು ಇದು: ನದಿಯ ಜಲಾನಯನದಲ್ಲಿದ್ದ 788 ಕೆರೆಗಳಲ್ಲಿ 221 ಒಡೆದುಹೋಗಿದ್ದವು. ಮೇಲಿನ ಕೆರೆ ಕೆಳಗಿನ ಕೆರೆಯನ್ನು ಒಡೆದು, ಆ ನೀರೆಲ್ಲ ಒಟ್ಟಾಗಿ ಊರಿನ ಮೇಲೆ ಬಿದ್ದಿತ್ತು. ನಗರದ ಮೇಲ್ಭಾಗದಲ್ಲಿ ಮೂಸಿಗೆ ಒಂದು, ಅದರ ಉಪನದಿ ಈಸಿಗೆ ಒಂದು, ಹೀಗೆ ಎರಡು ಜಲಾಶಯ ಬೇಕೆಂದು ಅವರು ಸೂಚಿಸಿದರು. ಅದೇ ವರ್ಷದ ನವೆಂಬರಿನಲ್ಲಿ ಮೈಸೂರಿನ ಚೀಫ್ ಎಂಜಿನಿಯರ್ ಆಗಿ ಹೊರಟರು. ಉಸ್ಮಾನ್ ಸಾಗರ 1920ರಲ್ಲಿ ಮುಗಿಯಿತು, ಈಸಿಯ ಮೇಲಿನ ಹಿಮಾಯತ್ ಸಾಗರ 1927ರಲ್ಲಿ. ಅವುಗಳ ನಿರ್ಮಾಣಕ್ಕೆ ಹೆಗಲು ಕೊಟ್ಟ ಎಂಜಿನಿಯರ್ ಅಲಿ ನವಾಜ್ ಜಂಗ್ ಅವರ ಹೆಸರನ್ನು ನಮ್ಮ ಕೂಟಗಳಲ್ಲಿ ನಾನು ಒಮ್ಮೆಯೂ ಕೇಳಿಲ್ಲ.

ಪ್ರವಾಹ ತಡೆಯಲು, ಕುಡಿಯುವ ನೀರು ಕೊಡಲು ಕಟ್ಟಿದ ಕೆರೆ ಇದು. ಮೀನು ಯಾರ ಯೋಜನೆಯಲ್ಲಿಯೂ ಮೊದಲ ಸಾಲಿನಲ್ಲಿ ಇರಲಿಲ್ಲ. ಆದರೆ ನೀರು ನಿಂತ ಕಡೆ ಮೀನು, ಮೀನಿದ್ದ ಕಡೆ ಗಾಳ. ಗಾಳಕ್ಕೆ ಏನು ಚುಚ್ಚಬೇಕು ಎಂಬ ಪ್ರಶ್ನೆಗೆ ನಮ್ಮ ಕಡೆ ಬಹಳ ಹಳೆಯ ಉತ್ತರವಿದೆ.

ನನ್ನೂರು ಬಸವಕಲ್ಯಾಣದ ಹತ್ತಿರ. 1956ರವರೆಗೆ ಅದೂ ಹೈದರಾಬಾದ್ ರಾಜ್ಯವೇ. ಅಲ್ಲಿಂದ ಆಳಿದ ಚಾಲುಕ್ಯರ ಮೂರನೇ ಸೋಮೇಶ್ವರ 1129ರ ಸುಮಾರಿಗೆ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ ರಚಿಸಿದ. ಅಡುಗೆ, ಆನೆ, ಸಂಗೀತ, ಔಷಧ ಎಲ್ಲವೂ ಇರುವ ಆ ಗ್ರಂಥದಲ್ಲಿ ‘ಮತ್ಸ್ಯವಿನೋದ’ ಎಂಬ ಒಂದು ಅಧ್ಯಾಯವೇ ಇದೆ. ಸಮುದ್ರದ್ದು, ಸಿಹಿನೀರಿನದು ಸೇರಿ ಸುಮಾರು 35 ಬಗೆಯ ಮೀನುಗಳು, ಯಾವುದು ಎಲ್ಲಿರುತ್ತದೆ, ಯಾವುದಕ್ಕೆ ಸಸ್ಯಾಹಾರ, ಯಾವುದಕ್ಕೆ ಮಾಂಸ, ದಾರ ಹೊಸೆಯುವುದು ಹೇಗೆ, ಕೋಲು ಹೇಗಿರಬೇಕು, ಎರೆ ಯಾವುದು, ಎಲ್ಲವನ್ನೂ ಅರಸ ಬರೆಸಿದ್ದಾನೆ. ಇಂಗ್ಲಿಷಿನಲ್ಲಿ ಗಾಳದ ಬಗ್ಗೆ ಅಚ್ಚಾದ ಮೊದಲ ಪುಸ್ತಕ 1496ರದು, ಐಸಾಕ್ ವಾಲ್ಟನ್ನನದು 1653ರದು. ಹಿಂದಿನದು ಎಂಬ ಹೆಮ್ಮೆಗೆ ಇದನ್ನು ಹೇಳುತ್ತಿಲ್ಲ. ಅರಸ ಗಾಳ ಹಾಕುವ ಮೊದಲು ಮೀನಿನ ಊಟವನ್ನು ಗಮನಿಸಿದ್ದ ಎಂಬುದು ನನಗೆ ಮುಖ್ಯ. ಅವನಿಗೆ ಇಷ್ಟೆಲ್ಲ ಹೇಳಿಕೊಟ್ಟ ಬೆಸ್ತರು ಯಾರೋ ಇದ್ದಿರಲೇಬೇಕು. ಅವರ ಹೆಸರು ಗ್ರಂಥದಲ್ಲಿಲ್ಲ.

ಒಂದು ಮಾತು ಇಲ್ಲಿಯೇ ಹೇಳಿಬಿಡುತ್ತೇನೆ. ಗಾಳದ ತುದಿಯ ತಿನಿಸಿಗೆ ಕನ್ನಡದಲ್ಲಿ ಎರೆ ಎನ್ನುತ್ತೇವೆ. ಎರೆಹುಳು ಎಂದರೆ ಎರೆಯಾಗುವ ಹುಳು. ನಮ್ಮ ಬೀದರ ಕಡೆ ಎರೆ ಎಂದರೆ ಕಪ್ಪು ಮಣ್ಣೂ ಹೌದು. ಮಣ್ಣು, ಹುಳು, ಮೀನಿನ ತಿನಿಸು ಮೂರೂ ಒಂದೇ ಶಬ್ದದಲ್ಲಿ ಕೂತಿವೆ.

ಮುಂದಿನ ದೊಡ್ಡ ದಾಖಲೆಯೂ ಕನ್ನಡ ನೆಲದಿಂದಲೇ ಬಂತು. ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್ 1873ರಲ್ಲಿ ಮಂಗಳೂರಿನಲ್ಲಿ ‘ದಿ ರಾಡ್ ಇನ್ ಇಂಡಿಯಾ’ ಅಚ್ಚು ಹಾಕಿಸಿದ. ನದಿಗಳಲ್ಲಿ ವಿಷ ಹಾಕಿ, ಸಣ್ಣ ಕಣ್ಣಿನ ಬಲೆ ಬಿಟ್ಟು ಮರಿಗಳನ್ನೆಲ್ಲ ಬಳಿಯುವುದರ ವಿರುದ್ಧ ವರದಿ ಬರೆದವನೂ ಅವನೇ. ಡೈನಮೈಟ್ ಮತ್ತು ವಿಷವನ್ನು ನಿಷೇಧಿಸಿದ ಮೀನುಗಾರಿಕೆ ಕಾಯ್ದೆ ಬಂದದ್ದು 1897ರಲ್ಲಿ. ಅವನ ಇನ್ನೊಂದು ಪುಸ್ತಕ, 1887ರ ‘ಟ್ಯಾಂಕ್ ಆ್ಯಂಗ್ಲಿಂಗ್ ಇನ್ ಇಂಡಿಯಾ’, ಪೂರ್ತಿ ಕೆರೆ ಗಾಳದ್ದೇ. ಮಹಸೀರ್ ಹಿಡಿಯುವುದು ಆ ಕಾಲದ ಸಾಹೇಬರಿಗೆ ಪ್ರತಿಷ್ಠೆ. ಅಂಥ ಹೊತ್ತಿನಲ್ಲಿ ಊರಾಚೆಯ ಕೆರೆಗೆ ಒಂದು ಪುಸ್ತಕ ಮೀಸಲಿಟ್ಟವನ ಬಗ್ಗೆ ನನಗೆ ಗೌರವವಿದೆ. ಮಹಸೀರಿನ ವಿಷಯಕ್ಕೆ ಬಂದರೆ, ಭೀಮೇಶ್ವರಿ, ಗಾಲಿಬೋರೆಯ ಕಾವೇರಿಯಲ್ಲಿ ಅದಕ್ಕೆ ಹೆಸರಾದ ಎರೆ ರಾಗಿಮುದ್ದೆ. ದಡದವರು ಉಣ್ಣುವುದನ್ನೇ ಮೀನೂ ಉಂಡಿತು.

ಹಿಮಾಯತ್ ಸಾಗರದಲ್ಲಿಯೂ ಹಾಗೆಯೇ. ಇಲ್ಲಿನ ಗಾಳದವರ ಹಿಟ್ಟಿನಲ್ಲಿ ಗೋಧಿ, ಕಡಲೆಹಿಟ್ಟು, ಅಕ್ಕಿತೌಡು, ಶೇಂಗಾ ಹಿಂಡಿ, ಬೆಲ್ಲ, ಮೆಂತ್ಯ, ಓಮ ಸೇರುತ್ತವೆ. ಪ್ರತಿಯೊಬ್ಬರದೂ ಗುಟ್ಟಿನ ಪಾಕ, ಪ್ರತಿಯೊಬ್ಬರದೂ ಹೆಚ್ಚುಕಡಿಮೆ ಒಂದೇ. ಪಾಕಕ್ಕಿಂತ ಮುಖ್ಯವಾದದ್ದು ಆಳ. ಕಾಟ್ಲಾದ ಬಾಯಿ ಮೇಲಕ್ಕೆ ತಿರುಗಿದೆ, ಅದು ಮೇಲ್ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳನ್ನು ಸೋಸಿ ತಿನ್ನುವಂಥದ್ದು. ಅದಕ್ಕೆ ನುಣ್ಣನೆ ಪುಡಿಯಾಗಿ ಕರಗುವ ಹಿಟ್ಟನ್ನು ಬೆಂಡಿನ ಕೆಳಗೆ ತೂಗುಬಿಡಬೇಕು. ರೋಹು ನಡುವಿನದು, ಮೃಗಾಲ್ ತಳದ್ದು. ಇವು ನಿಂತ ನೀರಿನಲ್ಲಿ ಮರಿ ಮಾಡುವುದಿಲ್ಲ. 1957ರ ಜುಲೈ 10ರಂದು ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಹಾರ್ಮೋನು ಚುಚ್ಚಿ ಮೊಟ್ಟೆ ಇಡಿಸಿದ ಮೇಲೆಯೇ ಸಾಕಣೆ ಕೇಂದ್ರದ ಮರಿಗಳು ದೇಶದ ಕೆರೆಗಳಿಗೆಲ್ಲ ಸುಲಭವಾಗಿ ಬಂದವು.

ಬೇಸಿಗೆಯಲ್ಲಿ ‘ಬೆಳಗಿನ ಜಾವವೇ ಒಳ್ಳೆಯದು’ ಎಂಬುದು ಎಲ್ಲರ ಉಪದೇಶ. ಎಂಟೆಕ್ಕಿನಲ್ಲಿ ಎನ್ವಿರಾನ್‌ಮೆಂಟಲ್ ಎಂಜಿನಿಯರಿಂಗ್ ಓದಿ ಆಮೇಲೆ ಸಾಫ್ಟ್‌ವೇರಿಗೆ ಬಂದವನು ನಾನು, ಹಾಗಾಗಿ ಇದನ್ನು ಅಷ್ಟು ಸುಲಭವಾಗಿ ಒಪ್ಪಲಾರೆ. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಡಬಲ್ಲದು, 30 ಡಿಗ್ರಿಯದು ಸುಮಾರು 7.5. ಪಾಚಿ ಹೆಚ್ಚಿದ ನೀರಿನಲ್ಲಿ ರಾತ್ರಿಯೆಲ್ಲ ಪಾಚಿಯೂ ಉಸಿರಾಡುತ್ತದೆ, ಹಾಗಾಗಿ ಆಮ್ಲಜನಕ ತೀರ ಕೆಳಗಿಳಿಯುವುದು ಸೂರ್ಯೋದಯದ ಹೊತ್ತಿಗೇ. ಆಗ ರೋಹು ಉಸಿರಿಗೆ ಒದ್ದಾಡುತ್ತಿರುತ್ತದೆ, ತಿನ್ನುವ ಮನಸ್ಸಿನಲ್ಲಿರುವುದಿಲ್ಲ. ಪಾಚಿಗಟ್ಟಿದ ಮೂಲೆಯಲ್ಲಿ ಬಿಸಿಲು ಬಿದ್ದು ಒಂದೆರಡು ಗಂಟೆ ಕಳೆಯಲಿ, ಇಲ್ಲವೇ ಗಾಳಿ ಬಡಿದು ಅಲೆ ಏಳುವ ದಡಕ್ಕೆ ಹೋಗಿ. ಮಧ್ಯಾಹ್ನ ಮೀನು ಆಳಕ್ಕಿಳಿಯುತ್ತದೆ, ನೀವು ಮನೆಗೆ ಹೋಗುವುದು ವಾಸಿ.

ನಸುಕಿನ ಮೀನು ಕೊರವ. ತೆಲುಗಿನವರ ಕೊರ್ರಮೀನು, ತೆಲಂಗಾಣದ ರಾಜ್ಯ ಮೀನು. ಅದಕ್ಕೆ ಕಿವಿರಿನ ಜೊತೆಗೆ ಗಾಳಿ ಸೇವಿಸುವ ಅಂಗವೂ ಇದೆ. ನೀರು ಬೆಚ್ಚಗಾದಷ್ಟೂ ಅದು ಮೇಲೆ ಬಂದು ಉಸಿರು ಎಳೆದುಕೊಳ್ಳಬೇಕು. ಜೊಂಡಿನ ನಡುವೆ ‘ಗುಳುಕ್’ ಎಂದು ಗುಳ್ಳೆ ಎದ್ದರೆ ಅಲ್ಲಿದೆ ಎಂದು ಅರ್ಥ. ಇದು ಬೇಟೆಯ ಮೀನು, ಹಿಟ್ಟು ಮೂಸುವುದಿಲ್ಲ. ಹಿಂದೆ ಜೀವಂತ ಕಪ್ಪೆಯನ್ನೇ ಗಾಳಕ್ಕೆ ಚುಚ್ಚುತ್ತಿದ್ದರು. ಈಗ ಟೊಳ್ಳು ರಬ್ಬರಿನ ಕಪ್ಪೆ ಬಂದಿದೆ. ಕೊಕ್ಕೆಯ ಮೊನೆ ಬೆನ್ನಿಗೆ ಅಂಟಿಕೊಂಡಿರುವುದರಿಂದ ಹುಲ್ಲಿಗೆ ಸಿಕ್ಕಿಕೊಳ್ಳದೆ ಎಲೆಗಳ ಮೇಲೆ ಜಾರಿಕೊಂಡು ಬರುತ್ತದೆ. ಫಿನ್‌ಲ್ಯಾಂಡಿನ ಲೌರಿ ರಾಪಾಲಾ 1936ರಲ್ಲಿ ಗಾಯಗೊಂಡ ಮರಿಮೀನಿನಂತೆ ಓಲಾಡುವ ಎರೆಯನ್ನು ಕೈಯಿಂದ ಕೆತ್ತಿದ. ಅದರ ವಂಶದ ಪ್ಲಾಸ್ಟಿಕ್ ಮೀನುಗಳು ಆನ್‌ಲೈನಿನಲ್ಲಿ ರಾಶಿ ಬಿದ್ದಿವೆ. ತೆರೆದ ನೀರಿಗೆ ಅವು ಸರಿ. ಜೊಂಡಿನ ಕೊರವಕ್ಕೆ ನನ್ನ ಮತ ಕಪ್ಪೆಗೇ. ಎಲೆಯ ಮೇಲೆ ಎಳೆದು, ಸಣ್ಣ ತೆರವು ಬಂದಾಗ ಎರಡು ಎಣಿಕೆ ನಿಲ್ಲಿಸಿ. ನೀರು ಸಿಡಿದ ಕೂಡಲೇ ಜಗ್ಗಬೇಡಿ, ಅದು ಬಾಯಿ ಮುಚ್ಚಲಿ. ದಡಕ್ಕೆ ಇಳಿಯುವ ಮೊದಲು ಅಲ್ಲಿನ ಮೀನುಗಾರರ ಸಂಘದವರನ್ನು ಕೇಳಿ, ಮೀನು ಅವರ ಜೀವನ. ಇನ್ನೊಂದು: ಮಳೆ ಬಿದ್ದ ಮೇಲೆ ಕೆಂಪು ಮರಿಗಳ ಗುಂಪು ಮೇಲೆ ತೇಲುತ್ತದೆ, ಕೆಳಗೆ ತಾಯಿ ತಂದೆ ಕಾವಲಿರುತ್ತವೆ. ಆ ಗುಂಪಿನ ಮೇಲೆ ಕಪ್ಪೆ ಎಸೆದರೆ ಕೊರವ ಖಂಡಿತ ಕಚ್ಚುತ್ತದೆ. ಅದನ್ನು ಆಟ ಎನ್ನುವವರ ಜೊತೆ ನಾನು ಹೋಗುವುದಿಲ್ಲ.

ರಬ್ಬರ್ ಕಪ್ಪೆ ಕೆಲಸ ಮಾಡುವುದು ನಿಜವಾದ ಕಪ್ಪೆ ಇರುವ ಜಾಗದಲ್ಲಿ. ಆ ಜಾಗ ಕೆರೆಯ ನಡುವಿನದಲ್ಲ, ಮೊಣಕಾಲುದ್ದ ನೀರು, ಜೊಂಡು, ಕೆಸರು ಇರುವ ಅಂಚು. ಹಿಮಾಯತ್ ಸಾಗರದ ಪೂರ್ಣಮಟ್ಟ 1763.5 ಅಡಿ. ಮೇ ತಿಂಗಳಲ್ಲಿ ನೀರು ಅದಕ್ಕಿಂತ ಎಷ್ಟೋ ಕೆಳಗಿರುತ್ತದೆ, ನಡುವಿನ ಬಯಲು ನೋಡುವವರಿಗೆ ಖಾಲಿ ಭೂಮಿ. 1996ರ 111ನೇ ಸರ್ಕಾರಿ ಆದೇಶ ಎರಡೂ ಜಲಾಶಯಗಳ ಸುತ್ತ 10 ಕಿಲೋಮೀಟರಿನೊಳಗಿನ 84 ಹಳ್ಳಿಗಳಲ್ಲಿ ಕಟ್ಟಡ, ಕಾರ್ಖಾನೆಗಳಿಗೆ ಕಡಿವಾಣ ಹಾಕಿತ್ತು. ಶಂಶಾಬಾದಿನ ಹಳ್ಳಿಗಳೂ ಅದರಲ್ಲಿದ್ದವು. 2008ರಲ್ಲಿ ಏರ್‌ಪೋರ್ಟ್ ಬಂತು, ಅದರ ಹಿಂದೆ ನಾವೂ ಬಂದೆವು. 2022ರ ಏಪ್ರಿಲಿನಲ್ಲಿ 69ನೇ ಆದೇಶ ಹೊರಡಿಸಿ ಆ ಕಡಿವಾಣವನ್ನು ತೆಗೆದುಹಾಕಲಾಯಿತು. ಊರಿಗೆ ಕುಡಿಯುವ ನೀರು ಈಗ ಮುಖ್ಯವಾಗಿ ಕೃಷ್ಣಾ, ಗೋದಾವರಿಯಿಂದ ಬರುತ್ತದೆ ಎಂಬುದು ಕೊಟ್ಟ ಕಾರಣಗಳಲ್ಲಿ ಒಂದು. ಪ್ರವಾಹ ತಡೆಯಲು ಕಟ್ಟಿದ್ದೆಂಬ ಮೊದಲ ಕಾರಣ ಆ ವಾದದಲ್ಲಿ ಎಲ್ಲಿ ಹೋಯಿತೋ ಗೊತ್ತಿಲ್ಲ. 221 ಕೆರೆ ಒಡೆದ ಲೆಕ್ಕವನ್ನು 1909ರಲ್ಲೇ ಬರೆದಿಟ್ಟಿದ್ದರು.

ಈ ಬೇಸಿಗೆಗೆ ಹೋಗುವುದಾದರೆ ಕಲ್ಲಿನ ಕಟ್ಟೆಯ ಕಡೆಯಿಂದ ಬೇಡ, ಈಸಿ ಬಂದು ಸೇರುವ ಮೇಲ್ದಿಕ್ಕಿನ ಬಯಲಿಗೆ ಇಳಿಯಿರಿ. ಬಿರುಕುಬಿಟ್ಟ ಎರೆಮಣ್ಣಿನ ಮೇಲೆ ಒಂದಷ್ಟು ದೂರ ನಡೆಯಬೇಕಾಗುತ್ತದೆ. ಆ ನಡೆದದ್ದೆಲ್ಲ ಕೆರೆಯೇ.