ಸಳ ಹೊಡೆದದ್ದು ಹುಲಿಯನ್ನೋ, ಸಿಂಹವನ್ನೋ?

ಧರ್ಮಗ್ರಂಥದಲ್ಲಿ ಹೆಸರು ಬಂದಿರುವ ಪ್ರಾಣಿಗಳನ್ನೆಲ್ಲ ಒಂದೆಡೆ ಸೇರಿಸಿದರೆ ಹೇಗಿದ್ದೀತು? ಜೆರುಸಲೇಮ್ ನಗರದಲ್ಲಿ ಅಂಥದೊಂದು ಮೃಗಾಲಯವೇ ಇದೆ. ಬೈಬಲ್ಲಿನ ಪ್ರಾಣಿಗಳನ್ನು ಜನರಿಗೆ ತೋರಿಸಬೇಕೆಂದು ಪ್ರಾಣಿಶಾಸ್ತ್ರಜ್ಞ ಅಹರೋನ್ ಶುಲೋವ್ 1940ರಲ್ಲಿ ಅದನ್ನು ಆರಂಭಿಸಿದರು. ಕೆಲಸ ಸುಲಭದ್ದಲ್ಲ. ಗ್ರಂಥದ ಕೆಲವು ಹೆಸರುಗಳು ಯಾವ ಪ್ರಾಣಿಯವು ಎಂಬ ಬಗ್ಗೆ ವಿದ್ವಾಂಸರಲ್ಲೇ ಒಮ್ಮತವಿಲ್ಲ. ಗುರುತಿನಲ್ಲಿ ಸಂದೇಹವಿಲ್ಲದ ಸಿಂಹವಾದರೋ ಆ ನಾಡಿನಿಂದ ಮರೆಯಾಗಿ ಶತಮಾನಗಳೇ ಕಳೆದಿದ್ದವು.

ಹೆಸರಿಗೂ ಪ್ರಾಣಿಗೂ ಹೊಂದಿಕೆಯಾಗದ ಇಂಥ ತೊಡಕು ನಮ್ಮಲ್ಲೂ ಉಂಟು. ಚಾರ್ಮಾಡಿ ಘಾಟಿಯ ಮೇಲಿನ ಕೊಟ್ಟಿಗೆಹಾರ ಸೇರಿರುವ ಮೂಡಿಗೆರೆ ತಾಲ್ಲೂಕಿನಲ್ಲೇ ಅಂಗಡಿ ಎಂಬ ಹಳ್ಳಿಯಿದೆ. ಹೊಯ್ಸಳರ ಮೂಲಸ್ಥಾನವಾದ ಸೊಸೆವೂರು ಇದೇ. ಇಲ್ಲಿನ ವಾಸಂತಿಕಾ ದೇವಿಯ ಗುಡಿಯ ಬಳಿ ಕ್ರೂರಮೃಗವೊಂದು ಮೇಲೆರಗಿ ಬಂದಾಗ ಜೈನ ಮುನಿ ಸುದತ್ತರು ‘ಹೊಯ್ ಸಳ’ ಎಂದರಂತೆ. ಸಳ ಅದನ್ನು ಹೊಡೆದು ಕೊಂದನಂತೆ. ವಂಶದ ಹೆಸರಿಗೆ ಇದೇ ಮೂಲವೆನ್ನುತ್ತಾರೆ. ವಿಷ್ಣುವರ್ಧನನ 1117ರ ಬೇಲೂರು ಶಾಸನದಲ್ಲಿ ಈ ಪ್ರಸಂಗವಿದೆಯಾದರೂ ಇತಿಹಾಸಕಾರರು ಇದನ್ನು ಐತಿಹ್ಯವೆಂದೇ ಎಣಿಸುತ್ತಾರೆ.

ಕಥೆ ಹೇಗೇ ಇರಲಿ, ಆ ಮೃಗ ಯಾವುದು? ಶಾಸನಗಳಲ್ಲಿ ಕಾಣುವ ಮಾತು ‘ಶಾರ್ದೂಲ’. ಸಾಮಾನ್ಯ ಅರ್ಥದಲ್ಲಿ ಅದು ಹುಲಿ. ಆದರೆ ಬೇಲೂರಿನ ಲಾಂಛನ ಶಿಲ್ಪದಲ್ಲಿ ಸಳನೆದುರು ನಿಂತಿರುವ ಮೃಗಕ್ಕೆ ಕೇಸರವಿದೆ. ನೋಡಿದವರು ಸಿಂಹವೆಂದೇ ಹೇಳುತ್ತಾರೆ.

ಮಲೆನಾಡು ಹುಲಿಯ ನಾಡೇ ಹೊರತು ಸಿಂಹದ್ದಲ್ಲ. ಆದರೂ ಸಿಂಹದ ಕಲ್ಪನೆ ಇಲ್ಲಿಗೆ ಹೊಸದಲ್ಲ. ದೇವಿಗೆ ಸಿಂಹ ವಾಹನ, ಅರಸನಿಗೆ ಸಿಂಹಾಸನ, ವಿಷ್ಣುವಿಗೆ ನರಸಿಂಹಾವತಾರ. ಕಾಡಿನಲ್ಲಿ ಕಾಣದ ಪ್ರಾಣಿ ಪುರಾಣ, ಕಾವ್ಯ, ಶಿಲ್ಪಗಳ ದಾರಿಯಲ್ಲಿ ಬಂದು ನೆಲೆಸಿತ್ತು. ಶಿಲ್ಪಿಯ ಉಳಿ ಸುತ್ತಲ ಕಾಡಿಗಿಂತ ಈ ಪರಂಪರೆಯನ್ನೇ ಅನುಸರಿಸಿದಂತಿದೆ. ಅಂಗಡಿಯ ಹುಲಿ ಬೇಲೂರಿನಲ್ಲಿ ಸಿಂಹವಾದದ್ದು ಹೀಗಿರಬೇಕು.

ಪುರಾಣದ ಸಿಂಹವನ್ನು ಕಣ್ಣಾರೆ ಕಾಣಲು ಕನ್ನಡಿಗರಿಗೆ ಮೃಗಾಲಯವೇ ಬೇಕಾಯಿತು. ಹತ್ತನೆಯ ಚಾಮರಾಜ ಒಡೆಯರು 1892ರಲ್ಲಿ ಸ್ಥಾಪಿಸಿದ ಮೈಸೂರು ಮೃಗಾಲಯ ಇಂದಿಗೂ ಆ ಅವಕಾಶ ಕೊಡುತ್ತಿದೆ. ಹಿಂದೆ ಉತ್ತರ ಭಾರತದ ಬಹುಭಾಗದಲ್ಲಿದ್ದ ಏಷ್ಯಾದ ಸಿಂಹಕ್ಕೆ ಈಗ ಗುಜರಾತಿನ ಗಿರ್ ಅರಣ್ಯ ಮತ್ತು ಅದರ ಸುತ್ತಮುತ್ತಲ ಪ್ರದೇಶವೇ ಆಸರೆ. 2025ರ ಗಣತಿಯಂತೆ ಅಲ್ಲಿರುವ ಸಿಂಹಗಳು 891.

ಆದರೆ ಶಾಸನದ ಶಾರ್ದೂಲವನ್ನು ಕಾಣಲು ಪಂಜರದ ಮುಂದೆಯೇ ನಿಲ್ಲಬೇಕಾಗಿಲ್ಲ. ಅಂಗಡಿಯ ಸುತ್ತಲ ಕಾಡು ಬಹುಪಾಲು ಕಾಫಿ ತೋಟವಾಗಿದ್ದರೂ ಚಿಕ್ಕಮಗಳೂರು ಜಿಲ್ಲೆಯ ಭದ್ರಾ ಅರಣ್ಯದಲ್ಲಿ ಹುಲಿ ಇನ್ನೂ ಇದೆ. 1998ರಲ್ಲಿ ಅದು ಹುಲಿ ಯೋಜನೆಗೆ ಸೇರಿತು. ಬಳಿಕ ಒಳಗಿನ ಹಳ್ಳಿಗಳ ನೂರಾರು ಕುಟುಂಬಗಳು ಮನೆ, ಗದ್ದೆ ಬಿಟ್ಟು ಹೊರಗೆ ನೆಲೆಸಿದವು. ಜೆರುಸಲೇಮಿನಲ್ಲಿ ಗ್ರಂಥದ ಸಿಂಹ ಬೇಲಿಯೊಳಗಷ್ಟೇ ಉಳಿದಿದೆ. ಸಳನ ಹುಲಿಗೆ ಆ ಗತಿ ಬಾರದಿರುವುದರ ಹಿಂದೆ ಈ ಕುಟುಂಬಗಳ ತ್ಯಾಗವೂ ಇದೆ.