ರೇಡಿಯೋದ ಹೊಟ್ಟೆಯಲ್ಲಿದ್ದ ಶ್ರುತಿ

ಹಾಡುವವಳ ಹಿಂದೆ ತಂಬೂರಿ ಹಿಡಿದು ಕೂತವಳನ್ನು ಯಾರೂ ಗಮನಿಸುವುದಿಲ್ಲ. ಅವಳಿಲ್ಲದೆ ಹಾಡೂ ಸಾಗುವುದಿಲ್ಲ. ಮನೆಗಳಲ್ಲಿ ಆ ಕೆಲಸ ತಂಗಿಯದೋ ನಾದಿನಿಯದೋ ಆಗಿರುತ್ತಿತ್ತು. ಮೈಸೂರಿನ ನಮ್ಮ ಮನೆಯಲ್ಲಿದ್ದದ್ದು ತಿದಿ ಒತ್ತುವ ಶ್ರುತಿಪೆಟ್ಟಿಗೆ. ಅಕ್ಕ ಹಾಡುವಷ್ಟು ಹೊತ್ತೂ ಅದನ್ನು ಒತ್ತುತ್ತಿದ್ದವಳು ನಾನು. ಮದುವೆಯಾಗಿ ಹೋದ ಮನೆಯಲ್ಲಿ ಅವಳಿಗೆ ಒತ್ತಿಕೊಡುವವರು ಸಿಗಲಿಲ್ಲ. ಅಭ್ಯಾಸ ತಪ್ಪಿತು.

ಹಾಗೆ ನೋಡಿದರೆ ಸಂಗೀತವನ್ನು ಮನೆಯೊಳಕ್ಕೆ ತರುವ ಯಂತ್ರ ನಮ್ಮೂರಿಗೆ ಹೊಸದಲ್ಲ. 1935ರಲ್ಲಿ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ರೇಡಿಯೋ ಪ್ರಸಾರ ಆರಂಭಿಸಿದರು. ಆ ನಿಲಯದ 'ಆಕಾಶವಾಣಿ' ಎಂಬ ಹೆಸರು ಮುಂದೆ ದೇಶಕ್ಕೇ ಆಯಿತು. ಆದರೆ ರೇಡಿಯೋ ತಾನು ಹಾಡೀತು, ನಾವು ಹಾಡುವಾಗ ಪಕ್ಕದಲ್ಲಿ ಕೂತು ಶ್ರುತಿ ಹಿಡಿಯದು.

ತಮಾಷೆಯೆಂದರೆ, ಶ್ರುತಿ ಅದರ ಹೊಟ್ಟೆಯಲ್ಲೇ ಇತ್ತು. ಮದುವೆ ಛತ್ರದಲ್ಲಿ ಮೈಕು ಕುಂಯ್ ಎಂದು ಕಿರುಚುವುದನ್ನು ನೀವು ಕೇಳಿರುತ್ತೀರಿ. ಹೊರಬಂದ ಸದ್ದು ಮತ್ತೆ ಮೈಕಿಗೇ ಹೋಗಿ ಸುತ್ತು ಹಾಕುವುದರಿಂದ ಹುಟ್ಟುವ ಕೂಗು ಅದು. ಅದೇ ಬಗೆಯ ಸುತ್ತನ್ನು ಟ್ರಾನ್ಸಿಸ್ಟರಿನೊಳಗೆ ಪಳಗಿಸಿದರೆ ಒಂದೇ ಸ್ವರ ಎಡೆಬಿಡದೆ ನಿಲ್ಲುತ್ತದೆ. ರಷ್ಯಾದಲ್ಲಿ ಥೆರೆಮಿನ್ ಎಂಬಾತ 1920ರ ಸುಮಾರಿಗೇ ರೇಡಿಯೋದ ಇಂಥ ಕೂಗಿನಿಂದ ಒಂದು ವಾದ್ಯ ಮಾಡಿದ್ದ.

ನಮ್ಮಲ್ಲಿ 1970ರ ದಶಕದಲ್ಲಿ ಅದನ್ನು ಶ್ರುತಿಗೆ ಒಗ್ಗಿಸಿದವರು ಬೆಂಗಳೂರಿನ ಜಿ. ರಾಜ್ ನಾರಾಯಣ್. ಎಂಜಿನಿಯರೂ ಹೌದು, ಕೊಳಲು ವಾದಕರೂ ಹೌದು. ಮುಂದೆ ಅವರ 'ರಾಡೆಲ್' ಪೆಟ್ಟಿಗೆಗಳು ಊರೂರು ತಲುಪಿದವು. ಒಂದು ತಿರುಪು ತಿರುಗಿಸಿದರೆ ಗಂಡಸರ ಒಂದು ಮನೆ ಶ್ರುತಿ, ಇನ್ನಷ್ಟು ತಿರುಗಿಸಿದರೆ ನಮ್ಮ ಐದೂವರೆ.

ಹಿರಿಯರು ಮೂಗು ಮುರಿದರು. ತಂಬೂರಿಯ ತಂತಿಯಡಿ ಸಿಕ್ಕಿಸುವ ಜೀವಾಳದ ದಾರದಿಂದ ಬರುವ ಝೇಂಕಾರ ಇದರಲ್ಲೆಲ್ಲಿ ಎಂದರು. ಮೊದಲ ಪೆಟ್ಟಿಗೆಗಳ ಮಟ್ಟಿಗೆ ಆ ಮಾತು ನಿಜವೇ. ಆದರೆ ಹಾಗೆಂದವರಿಗೆ ಮೀಟುವುದಕ್ಕೆ ಮನೆಯಲ್ಲಿ ಯಾರಾದರೂ ಇದ್ದರು. ಒಲೆಯ ಮೇಲೆ ಅನ್ನಕ್ಕಿಟ್ಟು ಒಂದು ವರ್ಣ ಹಾಡಿಕೊಳ್ಳುವ ಹೆಂಗಸಿಗೆ ಯಾರಿದ್ದರು?

ಈಗ ಆ ಪೆಟ್ಟಿಗೆಯ ಕೆಲಸವನ್ನೂ ಮೊಬೈಲು ಮಾಡುತ್ತದೆ. ಗಾಜು ಒಡೆದ ಹಳೆಯ ಫೋನುಗಳು ಎಷ್ಟೋ ದೇವರ ಮನೆಗಳಲ್ಲಿ ತಂಬೂರಿಯಾಗಿ ಕೂತಿವೆ. ಹಾಡುವ ಮಧ್ಯೆ ಕರೆ ಬಂದರೆ ಶ್ರುತಿ ನಿಂತುಹೋಗುತ್ತದೆ. ಆದ್ದರಿಂದ ಸಿಮ್ ತೆಗೆದಿಟ್ಟದ್ದೇ ವಾಸಿ.