ಹಮ್ಮಾಮಿನ ಆರು ಜಗಲಿಗಳು

ಇರಾನಿನ ಕೆರ್ಮಾನ್ ನಗರದ ಹಳೆಯ ಪೇಟೆಯಲ್ಲಿ ಗಂಜ್ ಅಲಿ ಖಾನ್ ಹಮ್ಮಾಮ್ ಎಂಬ ಸಾರ್ವಜನಿಕ ಸ್ನಾನಗೃಹವಿದೆ. ಸಫವೀ ದೊರೆ ಒಂದನೇ ಶಾಹ್ ಅಬ್ಬಾಸನ ಕಾಲದಲ್ಲಿ ಕೆರ್ಮಾನಿನ ರಾಜ್ಯಪಾಲನಾಗಿದ್ದ ಗಂಜ್ ಅಲಿ ಖಾನ್ 1611ರಲ್ಲಿ ಇದನ್ನು ಕಟ್ಟಿಸಿದ. 1971ರಿಂದ ಇದು ವಸ್ತುಸಂಗ್ರಹಾಲಯ. ಇಂದು ಪ್ರವಾಸಿಗರು ಇಲ್ಲಿಗೆ ಬರುವುದು ಮೀಯಲಿಕ್ಕಲ್ಲ, ನೋಡಲಿಕ್ಕೆ.

ಬಾಗಿಲಿನಿಂದ ಒಳಗೆ ಹೋಗುವ ದಾರಿ ನೇರವಾಗಿಲ್ಲ, ತಿರುವಾಗಿದೆ. ಒಳಗಿನ ಬಿಸಿ ಹೊರಹೋಗಬಾರದು, ಹೊರಗಿನವರ ದೃಷ್ಟಿ ಒಳಗೆ ಬೀಳಬಾರದು ಎಂಬುದಕ್ಕೆ ಈ ಏರ್ಪಾಡು. ಆಮೇಲೆ ಸಿಗುವುದು ಬಟ್ಟೆ ಬದಲಿಸುವ ವಿಶಾಲ ಕೋಣೆ. ಅದರ ಸುತ್ತ ಆರು ಜಗಲಿಗಳು. ಸಯ್ಯಿದರು, ವಿದ್ವಾಂಸರು, ಖಾನರು, ಶ್ರೀಮಂತರು, ವರ್ತಕರು, ರೈತರು ಹೀಗೆ ಒಂದೊಂದು ವರ್ಗಕ್ಕೆ ಒಂದೊಂದು ಜಗಲಿ ಮೀಸಲಾಗಿತ್ತೆಂದು ಹೇಳುತ್ತಾರೆ. ಅಲ್ಲಿ ಕೂರಿಸಿರುವ ಮೇಣದ ಗೊಂಬೆಗಳು ಆ ಕಾಲವನ್ನು ಕಣ್ಣೆದುರು ತರುತ್ತವೆ.

ಗುಸ್ಲ್‌ನ ನಿಯಮ ಅರಸನಿಗೂ ರೈತನಿಗೂ ಒಂದೇ. ಆದರೂ ಅದಕ್ಕಾಗಿ ಬಂದವರು ಜಗಲಿಯಲ್ಲಿ ಬೇರೆ ಬೇರೆ ಕುಳಿತರು! ಬಟ್ಟೆ ಕಳಚಿದ ಮೇಲೆ ಸೊಂಟಕ್ಕೆ ಸುತ್ತಿಕೊಳ್ಳುತ್ತಿದ್ದುದು ‘ಲುಂಗ್’. ನಮ್ಮ ಲುಂಗಿಯ ಹೆಸರೂ ಪಾರ್ಸಿಯಿಂದಲೇ ಬಂದದ್ದು. ಪೇಟ, ನಿಲುವಂಗಿಗಳನ್ನೆಲ್ಲ ಜಗಲಿಯಲ್ಲಿಟ್ಟು, ಲುಂಗ್ ಉಟ್ಟು ಬಿಸಿನೀರಿನ ಕೋಣೆಗೆ ನಡೆದವರಲ್ಲಿ ಖಾನ ಯಾರು, ರೈತ ಯಾರು? ಇತಿಹಾಸದ ಪುಸ್ತಕಗಳು ಅರಮನೆಗಳ ಬಗ್ಗೆ ಹೇಳುವಷ್ಟು ಇಂಥ ಸ್ನಾನಗೃಹಗಳ ಬಗ್ಗೆ ಹೇಳುವುದಿಲ್ಲ. ಆದರೆ ಒಂದು ಸಮಾಜ ಮನುಷ್ಯರನ್ನು ಹೇಗೆ ವಿಂಗಡಿಸಿತ್ತು ಎಂದು ತಿಳಿಯಲು ಈ ಆರು ಜಗಲಿಗಳೇ ಸಾಕು.